ಆಯಿಲ್ ಸೆನ್ಸರ್ ಯಾಕೆ ಸೋರುತ್ತೆ? ಬೆರಳು ಗಾತ್ರದ ತೂತಿನ ಹಿಂದಿರುವ 180 ವರ್ಷದ ಕಥೆ

ಹುಳು ನಾಲ್ಕನೇ ಜ್ವರದಿಂದ ಎದ್ದಿತ್ತು. ರೇಷ್ಮೆ ಸಾಕುವವರಿಗೆ ಇದರ ಅರ್ಥ ಗೊತ್ತು. ಇನ್ನೊಂದು ವಾರ ಎಷ್ಟು ಸೊಪ್ಪು ಹಾಕಿದರೂ ಸಾಲದು. ಅಂಥ ವಾರದಲ್ಲೇ ನಮ್ಮ ಚಿಕ್ಕಪ್ಪನ ತೋಟದ ಹಳೇ ಡೀಸೆಲ್ ಎಂಜಿನ್ ಜಾಮ್ ಆಯಿತು. ಕರೆಂಟ್ ಇಲ್ಲದಾಗ ಬೋರ್‌ವೆಲ್ ಮೋಟಾರ್ ಓಡಿಸಲು ಅದಕ್ಕೆ ಜನರೇಟರ್ ಜೋಡಿಸಿಕೊಂಡಿದ್ದರು. ಬಿಚ್ಚಿ ನೋಡಿದರೆ ಬೇರಿಂಗ್ ಸುಟ್ಟು ಕ್ರ್ಯಾಂಕ್ ಶಾಫ್ಟಿಗೆ ಅಂಟಿಕೊಂಡಿತ್ತು. ತೋಟ ಒಣಗಿತು, ಸೊಪ್ಪು ಕೊಂಡು ತಂದರು. ಎಂಜಿನ್ ಗುಜರಿಗೆ ತೂಕದ ಲೆಕ್ಕದಲ್ಲಿ ಹೋಯಿತು.

ಎಂಜಿನ್ ಕೆಟ್ಟಿದ್ದು ಅವತ್ತಲ್ಲ, ಅದಕ್ಕೂ ಎರಡು ತಿಂಗಳು ಮೊದಲು. ಜನರೇಟರ್ ಜೋಡಿಸುವಾಗ ಬ್ಯಾಟರಿ, ಸೆಲ್ಫ್ ಸ್ಟಾರ್ಟ್ ಜೊತೆಗೆ ಆಯಿಲ್ ಪ್ರೆಶರ್ ಸೆನ್ಸರ್ ಕೂಡ ಹಾಕಿಸಿದ್ದರು. ಎಣ್ಣೆಯ ಒತ್ತಡ ಬಿದ್ದರೆ ಕೆಂಪು ದೀಪ ಹತ್ತಿ ಎಂಜಿನ್ ನಿಲ್ಲಬೇಕು. ಆದರೆ ಸೆನ್ಸರ್ ಕೂರಿಸಿದ ಜಾಗದಲ್ಲೇ ಎಣ್ಣೆ ತೊಟ್ಟಿಕ್ಕತೊಡಗಿತು. ಬಿಗಿ ಮಾಡಿದರು, ಸೋರಿತು. ನಲ್ಲಿಗೆ ಸುತ್ತುವ ಬಿಳಿ ಟೇಪ್ ಸುತ್ತಿದರು, ಎರಡು ದಿನ ನಿಂತು ಮತ್ತೆ ಸೋರಿತು. ಎಂ-ಸೀಲ್ ಮೆತ್ತಿದರು. ಕೊನೆಗೆ ಸೆನ್ಸರನ್ನೇ ತೆಗೆದು ಆ ತೂತಿಗೆ ಒಂದು ಬೋಲ್ಟ್ ಜಡಿದರು. ಸೋರಿಕೆ ನಿಂತಿತು. ಅದರ ಜೊತೆ ಎಚ್ಚರಿಕೆಯ ದೀಪವೂ ನಿಂತಿತು. ಆಮೇಲೆ ಒತ್ತಡ ಬಿದ್ದಾಗ ಹೇಳುವವರು ಯಾರೂ ಇರಲಿಲ್ಲ.

ಆ ಸೆನ್ಸರನ್ನು ಎತ್ತಿಟ್ಟುಕೊಂಡು ಒಬ್ಬ ಹಿರಿಯ ಟರ್ನರ್‌ಗೆ ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು, ಇದು ಆ ಎಂಜಿನ್ನಿನ ಥ್ರೆಡ್ಡೇ ಅಲ್ಲ ಎಂದರು. ಸೆನ್ಸರ್ ಅಮೆರಿಕದ ಅಳತೆಯದು, ಎಂಜಿನ್ನಿನ ತೂತು ಇಂಗ್ಲೆಂಡಿನ ಅಳತೆಯದು. ಕಣ್ಣಿಗೆ ಎರಡೂ ಒಂದೇ. ಕೈಯಲ್ಲಿ ತಿರುಗಿಸಿದರೆ ಮೂರ್ನಾಲ್ಕು ಸುತ್ತು ಒಳಗೂ ಹೋಗುತ್ತದೆ. ಆದರೆ ಎಷ್ಟು ಬಿಗಿ ಮಾಡಿದರೂ ಅದು ಸೋರುವುದೇ.

ಕನಕಪುರದ ಒಂದು ತೋಟದೊಳಗೆ ಎರಡು ದೇಶದ ಅಳತೆ ಹೇಗೆ ಬಂದು ಕೂತಿತು ಎಂದು ಹುಡುಕಿಕೊಂಡು ಹೋದಾಗ ಸಿಕ್ಕಿದ್ದು ಈ ಕಥೆ.

ಕಪಿಲೆ ಹೋಗಿ ಎಂಜಿನ್ ಬಂತು

ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಬಾವಿಯಿಂದ ನೀರೆತ್ತಲು ಏತ ಮತ್ತು ಕಪಿಲೆ ಇದ್ದವು. ಪಕ್ಕದ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಹುಟ್ಟಿತು. ಆದರೆ ಅದು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿ ದೀಪಕ್ಕೆ. ಹಳ್ಳಿಯ ಬಾವಿಗೆ ಕರೆಂಟ್ ಬರಲು ಇನ್ನೂ ದಶಕಗಳು ಬೇಕಾದವು. ಆ ನಡುವಿನ ಕಾಲವನ್ನು ತುಂಬಿದ್ದು ಆಯಿಲ್ ಎಂಜಿನ್.

ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿನ ಲಿಸ್ಟರ್ ಕಂಪನಿ 1930ರ ಹೊತ್ತಿಗೆ ನಿಧಾನಗತಿಯ ಡೀಸೆಲ್ ಎಂಜಿನ್ ತಂದಿತು. ದೊಡ್ಡ ಫ್ಲೈವೀಲ್, ನಿಮಿಷಕ್ಕೆ ಸುಮಾರು 600 ಸುತ್ತು, ದೂರದಿಂದಲೇ ಕೇಳುವ ಟಕ್ ಟಕ್ ಸದ್ದು. ಅದರ ನಕಲುಗಳನ್ನು ಗುಜರಾತಿನ ರಾಜಕೋಟ್‌ನ ಕಾರ್ಖಾನೆಗಳು ದೇಶದ ತುಂಬ ಮಾರಿದವು. ಸತಾರಾದ ಕೂಪರ್ ಕಂಪನಿ 1930ರ ದಶಕದಲ್ಲೇ ಡೀಸೆಲ್ ಎಂಜಿನ್ ತಯಾರಿಸಿತ್ತು.

ನಮಗೆ ಹೆಚ್ಚು ಪರಿಚಿತ ಹೆಸರು ಕಿರ್ಲೋಸ್ಕರ್. ಈ ಉದ್ಯಮ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ಲೇತ್ ಯಂತ್ರಗಳನ್ನು ಮಾಡಿತು. 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಬಂತು.

ಆ ಕಾಲದ ಎಂಜಿನ್, ಪಂಪು, ಲೇತ್ ಎಲ್ಲದರ ನಕ್ಷೆ, ಅಳತೆ ಬಂದಿದ್ದು ಇಂಗ್ಲೆಂಡಿನಿಂದ. ಅಂದರೆ ಇಂಚಿನಲ್ಲಿ. ಈ ಒಂದು ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಎಣ್ಣೆಗೆ ಒತ್ತಡ ಯಾಕೆ, ಗೇಜು ಯಾಕೆ?

ಹಳೇ ಲಿಸ್ಟರ್ ಮಾದರಿಯ ಎಂಜಿನ್ನಿನಲ್ಲಿ ಆಯಿಲ್ ಪ್ರೆಶರ್ ಎಂಬ ತಲೆನೋವೇ ಇರಲಿಲ್ಲ. ಕನೆಕ್ಟಿಂಗ್ ರಾಡಿನ ತಳದಲ್ಲಿ ಒಂದು ಸೌಟಿನಂಥ ತುಂಡು. ಪ್ರತಿ ಸುತ್ತಿಗೂ ಅದು ಎಣ್ಣೆಯಲ್ಲಿ ಮುಳುಗಿ ಎದ್ದು ಸುತ್ತ ಚಿಮ್ಮಿಸುತ್ತಿತ್ತು. ನಿಧಾನದ ಎಂಜಿನ್ನಿಗೆ ಅಷ್ಟು ಸಾಕು.

ಆಮೇಲೆ ನಿಮಿಷಕ್ಕೆ 1500 ಸುತ್ತಿನ ಎಂಜಿನ್‌ಗಳು ಬಂದವು. ಸಣ್ಣವು, ಹಗುರವಾದವು, ಅದೇ ಡೀಸೆಲ್‌ಗೆ ಹೆಚ್ಚು ಕೆಲಸ. ಈ ವೇಗಕ್ಕೆ ಚಿಮ್ಮಿದ ಎಣ್ಣೆ ಸಾಲದು. ಪಂಪಿನಿಂದ ಒತ್ತಿ ಬೇರಿಂಗಿನೊಳಗೆ ಕಳಿಸಬೇಕು. ಶಾಫ್ಟು ಮತ್ತು ಬೇರಿಂಗಿನ ನಡುವೆ ಕೂದಲಿಗಿಂತ ತೆಳುವಾದ ಎಣ್ಣೆಯ ಪೊರೆ ಇರುತ್ತದೆ. ಅದು ಹರಿದರೆ ಕಬ್ಬಿಣ ಕಬ್ಬಿಣಕ್ಕೆ ತಾಗಿ ಕೆಲವೇ ನಿಮಿಷದಲ್ಲಿ ಎಂಜಿನ್ ಮುಗಿಯಿತು. ಆದ್ದರಿಂದ ಒತ್ತಡ ಇದೆಯೋ ಇಲ್ಲವೋ ಹೇಳಲು ಒಂದು ಗೇಜು ಬೇಕಾಯಿತು.

ಗೇಜು ಎಂಜಿನ್ನಿಗಿಂತ ಹಳೆಯದು. 1849ರಲ್ಲಿ ಫ್ರಾನ್ಸಿನ ಯೂಜೀನ್ ಬೋರ್ಡನ್ ಇದಕ್ಕೆ ಪೇಟೆಂಟ್ ಪಡೆದರು. ಬಗ್ಗಿಸಿದ ಚಪ್ಪಟೆ ಕೊಳವೆಯೊಳಗೆ ಒತ್ತಡ ಹೋದರೆ ಅದು ನೆಟ್ಟಗಾಗಲು ನೋಡುತ್ತದೆ. ಜಾತ್ರೆಯಲ್ಲಿ ಮಕ್ಕಳು ಊದಿದಾಗ ಬಿಚ್ಚಿಕೊಳ್ಳುವ ಸುರುಳಿ ಪೀಪಿಯ ಹಾಗೆ. ಆ ಚಲನೆಯೇ ಮುಳ್ಳನ್ನು ತಿರುಗಿಸುತ್ತದೆ. ಬ್ಯಾಟರಿ ಬಂದ ಮೇಲೆ ಮುಳ್ಳಿನ ಗೇಜಿನ ಜಾಗಕ್ಕೆ ಸೆನ್ಸರ್ ಬಂತು. ಒಳಗೊಂದು ತೆಳು ಪೊರೆ, ಅದರ ಹಿಂದೆ ಸ್ವಿಚ್ಚು, ಹೊರಗೊಂದು ವೈರು.

ಗೇಜಾಗಲಿ ಸೆನ್ಸರಾಗಲಿ, ಎರಡಕ್ಕೂ ಎಂಜಿನ್ ಬ್ಲಾಕಿನಲ್ಲಿ ಒಂದು ತೂತು ಬೇಕು. ಜಗಳ ಇರುವುದು ಆ ತೂತಿನ ಥ್ರೆಡ್ಡಿನಲ್ಲಿ.

ಒಬ್ಬ ಮನುಷ್ಯ ಬೋಲ್ಟುಗಳನ್ನು ಕೂಡಿಹಾಕಿದ

1840ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಒಂದೊಂದು ಕಾರ್ಖಾನೆಗೆ ಒಂದೊಂದು ಥ್ರೆಡ್ ಇತ್ತು. ಒಂದು ಕಡೆಯ ಬೋಲ್ಟಿಗೆ ಇನ್ನೊಂದು ಕಡೆಯ ನಟ್ಟು ಕೂರುತ್ತಿರಲಿಲ್ಲ. ಯಂತ್ರ ಕೆಟ್ಟರೆ ಮಾಡಿದವನ ಬಳಿಯೇ ಹೋಗಬೇಕು. ನಮ್ಮಲ್ಲಿ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಹೊಂದದಿದ್ದ ಹಾಗೆ.

ಜೋಸೆಫ್ ವಿಟ್‌ವರ್ತ್ ಎಂಬ ಎಂಜಿನಿಯರ್ ಬೇರೆ ಬೇರೆ ಕಾರ್ಖಾನೆಗಳ ಬೋಲ್ಟುಗಳನ್ನು ತರಿಸಿ ಅಳೆದರು. ಅವುಗಳ ಸರಾಸರಿ ಹಿಡಿದು 1841ರಲ್ಲಿ ಒಂದು ಪಟ್ಟಿ ಮಂಡಿಸಿದರು. ಹಲ್ಲಿನ ಕೋನ 55 ಡಿಗ್ರಿ, ತುದಿ ದುಂಡಗೆ, ಪ್ರತಿ ಗಾತ್ರಕ್ಕೆ ಇಂಚಿಗೆ ಇಷ್ಟೇ ಸುತ್ತು. ಇಡೀ ದೇಶಕ್ಕೆ ಅನ್ವಯವಾಗುವ ಥ್ರೆಡ್ ಅಳತೆಯ ಆರಂಭ ಇದು.

ಇದರ ಬೆಲೆ ಜನಕ್ಕೆ ಗೊತ್ತಾಗಿದ್ದು ದೋಣಿಯ ಎಂಜಿನ್ನಿನಿಂದ. 1853ರಿಂದ 1856ರವರೆಗೆ ನಡೆದ ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷರಿಗೆ ತುರ್ತಾಗಿ ಸಣ್ಣ ಯುದ್ಧದೋಣಿಗಳು ಬೇಕಾದವು. ಅವುಗಳ ಉಗಿ ಎಂಜಿನ್ ಮಾಡುವ ಹೊಣೆ ಹೊತ್ತ ಜಾನ್ ಪೆನ್, ಮಾದರಿ ಎಂಜಿನ್ನನ್ನು ಬಿಚ್ಚಿ ಅದರ ಬಿಡಿಭಾಗಗಳನ್ನು ಬೇರೆ ಬೇರೆ ಕಾರ್ಖಾನೆಗಳಿಗೆ ಕಳಿಸಿ, ಅದೇ ರೀತಿ ಮಾಡಿಕೊಡಿ ಎಂದರು. ಎಲ್ಲರೂ ವಿಟ್‌ವರ್ತ್ ಅಳತೆ ಬಳಸಿದ್ದರಿಂದ ಬೇರೆ ಬೇರೆ ಕಡೆಯ ತುಂಡುಗಳು ಸರಿಯಾಗಿ ಕೂಡಿಕೊಂಡವು. ಸುಮಾರು 90 ದಿನದಲ್ಲಿ 90 ಎಂಜಿನ್ ಸಿದ್ಧವಾದವು.

ಪೈಪಿಗೂ ಇದೇ 55 ಡಿಗ್ರಿಯ ಹಲ್ಲು ಬಂತು. ಅದೇ ಬಿಎಸ್‌ಪಿ, ಅಂದರೆ ಬ್ರಿಟಿಷ್ ಪೈಪ್ ಥ್ರೆಡ್. ಇದನ್ನು ನೋಡಲು ಇಂಗ್ಲೆಂಡಿಗೆ ಹೋಗಬೇಕಿಲ್ಲ. ನಿಮ್ಮ ಮನೆಯ ಜಿಐ ಪೈಪ್, ಹಿತ್ತಲಿನ ನಲ್ಲಿ, ಎಲ್ಲ ಇವತ್ತಿಗೂ ಬಿಎಸ್‌ಪಿಯೇ.

ಅಮೆರಿಕ ಬೇರೆ ದಾರಿ ಹಿಡಿಯಿತು

ವಿಟ್‌ವರ್ತ್ ಹಲ್ಲಿನ ದುಂಡು ತುದಿಯನ್ನು ಸರಿಯಾಗಿ ಕತ್ತರಿಸಲು ಒಳ್ಳೆಯ ಕೈ ಬೇಕು. 1864ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವಿಲಿಯಂ ಸೆಲ್ಲರ್ಸ್ ಬೇರೆ ಹಲ್ಲು ಸೂಚಿಸಿದರು. ಕೋನ 60 ಡಿಗ್ರಿ, ತುದಿ ಚಪ್ಪಟೆ. ಸಾಧಾರಣ ಕೆಲಸಗಾರನೂ ಇದನ್ನು ಕತ್ತರಿಸಬಹುದು. ಅಮೆರಿಕ ಇದನ್ನೇ ಒಪ್ಪಿಕೊಂಡಿತು. ಅಲ್ಲಿನ ಪೈಪ್ ಥ್ರೆಡ್ಡಾದ ಎನ್‌ಪಿಟಿ ಕೂಡ 60 ಡಿಗ್ರಿಯದು.

ಈ ಐದು ಡಿಗ್ರಿ ಎರಡನೇ ಮಹಾಯುದ್ಧದಲ್ಲಿ ಕಾಡಿತು. ಅಮೆರಿಕದ ಬೋಲ್ಟು ಬ್ರಿಟಿಷ್ ಯಂತ್ರಕ್ಕೆ ಕೂರಲಿಲ್ಲ. ಎರಡೆರಡು ಬಗೆಯ ಬಿಡಿಭಾಗಗಳನ್ನು ಹಡಗಿನಲ್ಲಿ ಹೊತ್ತರು. ಯುದ್ಧ ಮುಗಿದ ಮೇಲೆ ಅಮೆರಿಕ, ಬ್ರಿಟನ್, ಕೆನಡಾ ಕೂತು ಮಾತಾಡಿ 1948ರ ನವೆಂಬರ್ 18ರಂದು ಒಂದೇ ಥ್ರೆಡ್ಡಿಗೆ ಒಪ್ಪಿದವು. ಆದರೆ ಆ ರಾಜಿ ನಟ್ಟು ಬೋಲ್ಟಿಗೆ ಮಾತ್ರ. ಪೈಪ್ ಥ್ರೆಡ್ ಹಾಗೆಯೇ ಉಳಿಯಿತು. ಬಿಎಸ್‌ಪಿ ಒಂದು ಕಡೆ, ಎನ್‌ಪಿಟಿ ಇನ್ನೊಂದು ಕಡೆ. ಪ್ರೆಶರ್ ಗೇಜು, ಸೆನ್ಸರ್ ಕೂರುವುದು ಹೆಚ್ಚಾಗಿ ಪೈಪ್ ಥ್ರೆಡ್ಡಿನಲ್ಲಿ. ರಾಜಿಯಾಗದ ಜಗಳ ಸೀದಾ ನಮ್ಮ ಎಂಜಿನ್ನಿನೊಳಗೆ ಬಂತು.

ಮೂರನೆಯವರು ಬಂದರು

ಸ್ವಾತಂತ್ರ್ಯ ಬಂದ ಮೇಲೆ ನಾವು ಸೇರು, ಮಣ, ಮೈಲಿ ಬಿಟ್ಟೆವು. 1956ರಲ್ಲಿ ಕಾನೂನಾಯಿತು. 1957ರ ಏಪ್ರಿಲ್ 1ರಂದು ಅಣೆ ಹೋಗಿ ನಯಾ ಪೈಸೆ ಬಂತು. 1958ರ ಅಕ್ಟೋಬರಿನಿಂದ ಮೆಟ್ರಿಕ್ ತೂಕಗಳು ಬರತೊಡಗಿದವು. ಹೊಸ ಕಾರ್ಖಾನೆಗಳು ನಿಧಾನವಾಗಿ ಮಿಲಿಮೀಟರಿಗೆ ತಿರುಗಿದವು.

ಆದರೆ ಯಂತ್ರ ಕಾನೂನಿನಷ್ಟು ಬೇಗ ಬದಲಾಗುವುದಿಲ್ಲ. ಇಂಚಿನ ಲೇತಿನಲ್ಲಿ ಸರಿಯಾದ ಮೆಟ್ರಿಕ್ ಥ್ರೆಡ್ ಕತ್ತರಿಸಬೇಕಾದರೆ 127 ಹಲ್ಲಿನ ಗಿಯರ್ ಬೇಕು, ಯಾಕೆಂದರೆ ಒಂದು ಇಂಚು 25.4 ಮಿಲಿಮೀಟರ್, ಅದರ ಐದು ಪಟ್ಟು 127. ಆ ಗಿಯರ್ ಇಲ್ಲದವರು ಹತ್ತಿರದ ಲೆಕ್ಕದಲ್ಲಿ ಕತ್ತರಿಸಿದರು. ಇವತ್ತಿಗೂ ನಮ್ಮಲ್ಲಿ ಬೋರ್‌ವೆಲ್ ಆಳ ಅಡಿಯಲ್ಲಿ, ಕೇಸಿಂಗ್ ಇಂಚಿನಲ್ಲಿ, ಡ್ರಿಪ್ ಪೈಪು ಮಿಲಿಮೀಟರಿನಲ್ಲಿ. ಒಂದೇ ಹೊಲದಲ್ಲಿ ಎರಡು ಕಾಲ ಬದುಕುತ್ತಿವೆ.

ಹೀಗಾಗಿ ಅಂಗಡಿಯ ಡಬ್ಬದಲ್ಲಿ ಮೂರು ಜಾತಿಯ ಸೆನ್ಸರ್ ಒಟ್ಟಿಗೆ ಬಿದ್ದಿರುತ್ತವೆ:

- 1/8 ಬಿಎಸ್‌ಪಿ: ಹೊರ ಅಳತೆ ಸುಮಾರು 9.7 ಮಿಲಿಮೀಟರ್, ಇಂಚಿಗೆ 28 ಸುತ್ತು, 55 ಡಿಗ್ರಿ.
- 1/8 ಎನ್‌ಪಿಟಿ: ಹೊರ ಅಳತೆ ಸುಮಾರು 10.2 ಮಿಲಿಮೀಟರ್, ಇಂಚಿಗೆ 27 ಸುತ್ತು, 60 ಡಿಗ್ರಿ.
- ಮೆಟ್ರಿಕ್ ಎಂ10 x 1: ಹೊರ ಅಳತೆ 10 ಮಿಲಿಮೀಟರ್, ಸುತ್ತಿಗೆ ಒಂದು ಮಿಲಿಮೀಟರ್, 60 ಡಿಗ್ರಿ.

ಮೂರರ ನಡುವಿನ ವ್ಯತ್ಯಾಸ ಅರ್ಧ ಮಿಲಿಮೀಟರ್. ಬರಿಗಣ್ಣಿಗೆ ಕಾಣುವುದಿಲ್ಲ. 1/8 ಇಂಚು ಎಂಬುದು ಹಳೇ ಕಾಲದ ಪೈಪಿನ ಒಳಗಿನ ಲೆಕ್ಕ. ಒಂದು ಇಂಚಿನ ಜಿಐ ಪೈಪಿನ ಹೊರಗೆ ಟೇಪ್ ಹಿಡಿದರೆ 33 ಮಿಲಿಮೀಟರ್ ಬರುವುದಿಲ್ಲವೇ, ಹಾಗೆ.

ನಲ್ಲಿ ಕೆಲಸದಲ್ಲಿ ಈ ತೊಂದರೆ ಯಾಕೆ ಕಾಣುವುದಿಲ್ಲ? ಅರ್ಧ ಇಂಚು, ಮುಕ್ಕಾಲು ಇಂಚಿನ ಗಾತ್ರದಲ್ಲಿ ಬಿಎಸ್‌ಪಿ, ಎನ್‌ಪಿಟಿ ಎರಡಕ್ಕೂ ಇಂಚಿಗೆ 14 ಸುತ್ತು. ಜಾತಿ ಬೇರೆಯಾದರೂ ಟೇಪ್ ಸುತ್ತಿ ಬಿಗಿ ಮಾಡಿದರೆ ಹೇಗೋ ನಿಲ್ಲುತ್ತದೆ. ಹದಿನೈದು ಅಡಿ ಎತ್ತರದ ಟ್ಯಾಂಕಿನ ನೀರಿನ ಒತ್ತಡ ಅರ್ಧ ಕೆಜಿಯೂ ಇರುವುದಿಲ್ಲ. ಎಂಜಿನ್ನಿನಲ್ಲಿ ಎಣ್ಣೆ ಬಿಸಿಯಾಗಿ ನೀರಿನಂತೆ ತೆಳ್ಳಗಾಗಿರುತ್ತದೆ, ಒತ್ತಡ ಎರಡು, ಮೂರು ಕೆಜಿ, ಮೇಲೆ ಬಿಡದ ನಡುಕ. ನಲ್ಲಿಯ ಅಭ್ಯಾಸವನ್ನು ಎಂಜಿನ್ನಿಗೆ ತಂದಿದ್ದೇ ನಮ್ಮ ಚಿಕ್ಕಪ್ಪನ ಮನೆಯಲ್ಲಾದ ತಪ್ಪು.

ದೋಣಿಯವರ ಪಾಡು

ನಮ್ಮ ಕಡೆ ದೋಣಿ ಎಂದರೆ ಕನಕಪುರದ ಸಂಗಮದಲ್ಲಿ ಅರ್ಕಾವತಿ ದಾಟಿಸುವ ಹರಿಗೋಲು. ಅದಕ್ಕೆ ಎಂಜಿನ್ ಇಲ್ಲ. ಆದರೆ ಕರಾವಳಿಯಲ್ಲಿ ಇದೇ ಸೋರಿಕೆ ಇನ್ನೂ ದೊಡ್ಡ ತಲೆನೋವು.

1952ರಲ್ಲಿ ಕೇರಳದ ನೀಂಡಕರದಲ್ಲಿ ನಾರ್ವೆ ದೇಶದ ನೆರವಿನಿಂದ ಯಂತ್ರದ ದೋಣಿಗಳ ಯೋಜನೆ ಶುರುವಾಯಿತು. 1960ರ ದಶಕದಲ್ಲಿ ಅದು ನಮ್ಮ ಕಾರವಾರಕ್ಕೂ ಬಂತು. ಮಲ್ಪೆ, ಮಂಗಳೂರಿನ ಟ್ರಾಲ್ ದೋಣಿಗಳಲ್ಲಿ ಲಾರಿ ಎಂಜಿನ್ ವಂಶದ ಮರೈನ್ ಎಂಜಿನ್‌ಗಳು ಸಾಮಾನ್ಯವಾದವು. ಬ್ರಿಟಿಷ್ ನಕ್ಷೆಯ ಹಳೇ ಬ್ಲಾಕು, ಅದಕ್ಕೆ ಆಮೇಲೆ ಹಾಕಿಸಿದ ಹೊಸ ಗೇಜು, ಅಲಾರಾಂ. ಅಲ್ಲೂ ಅದೇ ಬೆರಕೆ.

ದೋಣಿಯಲ್ಲಿ ಎಂಜಿನ್ ಹಲಗೆಯ ಕೆಳಗೆ ಇರುತ್ತದೆ. ಸೋರಿದ ಎಣ್ಣೆ ತಳದ ನೀರಿಗೆ ಸೇರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಉಪ್ಪುಗಾಳಿಗೆ ಫಿಟ್ಟಿಂಗ್ ತುಕ್ಕು ಹಿಡಿಯುತ್ತದೆ. ತೋಟದಲ್ಲಿ ಎಂಜಿನ್ ನಿಂತರೆ ನಾವು ಮನೆಗೆ ನಡೆದು ಹೋಗುತ್ತೇವೆ. ಸಮುದ್ರದ ನಡುವೆ ನಿಂತರೆ? ಹಾಗಾಗಿ ಅಲ್ಲಿನವರು ಸೆನ್ಸರ್ ಕಿತ್ತು ಬೋಲ್ಟ್ ಜಡಿಯುವ ಮೊದಲು ಎರಡು ಸಲ ಯೋಚಿಸಬೇಕಾಗುತ್ತದೆ. ನಾವೂ ಯೋಚಿಸಬೇಕು.

ನಿಮ್ಮ ಎಂಜಿನ್ ಸೋರುತ್ತಿದ್ದರೆ

ಮೊದಲು ಎಲ್ಲಿಂದ ಸೋರುತ್ತಿದೆ ನೋಡಿ. ಎಂಜಿನ್ ತಣ್ಣಗಿರುವಾಗ ಆ ಭಾಗವನ್ನು ಡೀಸೆಲ್ ಬಟ್ಟೆಯಿಂದ ಒರೆಸಿ, ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ. ಐದು ನಿಮಿಷ ಓಡಿಸಿ, ಕೈ, ಬಟ್ಟೆ, ಸೆರಗು ಬೆಲ್ಟಿನಿಂದ ದೂರ ಇಟ್ಟುಕೊಂಡು ಟಾರ್ಚ್ ಬಿಡಿ. ಎಣ್ಣೆ ಮೊದಲು ಎಲ್ಲಿ ಪೌಡರ್ ನೆನೆಸುತ್ತದೋ ಅಲ್ಲೇ ರೋಗ.

ಮೇಲಿನಿಂದ ಇಳಿದು ಬರುತ್ತಿದ್ದರೆ ಸೆನ್ಸರಿನ ತಪ್ಪಲ್ಲ. ಟ್ಯಾಪೆಟ್ ಕವರಿನ ಪ್ಯಾಕಿಂಗ್ ನೋಡಿಸಿ.

ವೈರ್ ಸಿಕ್ಕಿಸುವ ತುದಿಯಿಂದ ಎಣ್ಣೆ ಬರುತ್ತಿದ್ದರೆ ಸೆನ್ಸರಿನ ಒಳಪೊರೆ ಹರಿದಿದೆ. ಇದಕ್ಕೆ ಯಾವ ಟೇಪೂ ಮದ್ದಲ್ಲ, ಸೆನ್ಸರ್ ಬದಲಿಸಬೇಕು.

ಬುಡದಿಂದ ಬರುತ್ತಿದ್ದರೆ ಥ್ರೆಡ್ ನೋಡಿ. ಉದ್ದಕ್ಕೂ ಒಂದೇ ದಪ್ಪ ಇದ್ದರೆ ಅದು ಸೋರದಂತೆ ತಡೆಯುವುದು ಬುಡದ ತಾಮ್ರದ ವಾಷರು, ಥ್ರೆಡ್ ಅಲ್ಲ. ಹಳೇ ವಾಷರ್ ಗಟ್ಟಿಯಾಗಿರುತ್ತದೆ. ಹೊಸದು ಹಾಕಿ, ಇಲ್ಲವಾದರೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ ಮೆತ್ತಗೆ ಮಾಡಿಕೊಳ್ಳಿ. ತುದಿಯ ಕಡೆ ಸಣ್ಣಗಾಗುತ್ತಾ ಹೋಗಿದ್ದರೆ ಥ್ರೆಡ್ಡೇ ಹಿಡಿಯಬೇಕು. ಅಲ್ಲಿ ಟೇಪ್ ಅಥವಾ ಸೀಲೆಂಟ್ ಹಾಕಬಹುದು. ತುದಿಯ ಒಂದೆರಡು ಸುತ್ತು ಬಿಟ್ಟು ಹಾಕಿ, ಇಲ್ಲದಿದ್ದರೆ ಟೇಪಿನ ಚೂರು ಎಣ್ಣೆಯ ದಾರಿಗೆ ಸಿಕ್ಕಿಕೊಳ್ಳುತ್ತದೆ. ಒಂದೇ ವೈರಿನ ಸೆನ್ಸರಿಗೆ ಥ್ರೆಡ್ಡೇ ಅರ್ಥ್. ಟೇಪ್ ದಪ್ಪವಾದರೆ ಕೆಲವೊಮ್ಮೆ ದೀಪವೇ ಹತ್ತುವುದಿಲ್ಲ.

ಹೊಸ ಸೆನ್ಸರ್ ತರಲು ಹೋಗುವಾಗ ಎಂಜಿನ್ನಿನ ಜೊತೆ ಮೊದಲಿನಿಂದ ಬಂದಿದ್ದ ಹಳೇ ಗೇಜು ಅಥವಾ ಪ್ಲಗ್ ತೆಗೆದುಕೊಂಡು ಹೋಗಿ. ಹಳೆಯದು, ಹೊಸದು ಎರಡರ ಹಲ್ಲನ್ನು ಹಲ್ಲಿಗೆ ಕೂರಿಸಿ ಬೆಳಕಿಗೆ ಹಿಡಿಯಿರಿ. ಉದ್ದಕ್ಕೂ ಸಂದಿ ಕಾಣದಿದ್ದರೆ ಒಂದೇ ಜಾತಿ. ಒಂದು ಕಡೆ ಕೂತು ಇನ್ನೊಂದು ಕಡೆ ಬೆಳಕು ಇಣುಕಿದರೆ ಬೇಡ. ಬಿಎಸ್‌ಪಿ, ಎನ್‌ಪಿಟಿ ಗುರುತಿಸಲು ಲೇತ್ ಅಂಗಡಿಯವರ ಥ್ರೆಡ್ ಗೇಜು, ವರ್ನಿಯರ್ ಬೇಕೇ ಬೇಕು. ಎರಡು ನಿಮಿಷದ ಕೆಲಸ. ಜಾತಿ ಬೇರೆ ಎಂದು ಗೊತ್ತಾದರೆ ಒಂದು ಕಡೆ ಬಿಎಸ್‌ಪಿ, ಇನ್ನೊಂದು ಕಡೆ ಎನ್‌ಪಿಟಿ ಇರುವ ಅಡಾಪ್ಟರ್ ಮಾಡಿಸಿಕೊಳ್ಳಿ.

ಅಡಾಪ್ಟರ್ ಮೇಲೆ ಟೀ, ಅದರ ಮೇಲೆ ಭಾರದ ಸೆನ್ಸರ್ ಹೀಗೆ ಗೋಪುರ ಕಟ್ಟಬೇಡಿ. ನಡುಕಕ್ಕೆ ಹಿತ್ತಾಳೆ ಬಿರುಕು ಬಿಡುತ್ತದೆ. ಭಾರದ ಸೆನ್ಸರನ್ನು ಎಂಜಿನ್ನಿನಿಂದ ದೂರ ಕೂರಿಸಿ, ನಡುವೆ ಎಣ್ಣೆಯ ಒತ್ತಡ ತಡೆಯುವ ರಬ್ಬರ್ ಹೋಸ್ ಹಾಕಿ.

ಎಲ್ಲಕ್ಕಿಂತ ಮುಖ್ಯ, ಸೋರಿದರೆ ಇನ್ನಷ್ಟು ಬಿಗಿ ಮಾಡಬೇಡಿ. ಹಳೇ ಬ್ಲಾಕು ಬೀಡು ಕಬ್ಬಿಣ. ತೂತು ಸೀಳಿದರೆ ಆಮೇಲೆ ಏನೂ ಮಾಡಲಾಗುವುದಿಲ್ಲ.

ನಮ್ಮ ತಾಲ್ಲೂಕುಗಳಲ್ಲಿ ಹಳೇ ಎಂಜಿನ್‌ಗಳು ಇನ್ನೂ ಪಂಪ್ ಮನೆಯ ಮೂಲೆಯಲ್ಲಿವೆ. ಅವುಗಳ ಥ್ರೆಡ್ ಬಲ್ಲ ಹಿರಿಯ ಟರ್ನರ್‌ಗಳೂ ಒಬ್ಬಿಬ್ಬರು ಇದ್ದಾರೆ. ಅವರು ಲೇತ್ ನಿಲ್ಲಿಸುವ ಮೊದಲು ನಿಮ್ಮ ಎಂಜಿನ್ನಿನ ಆ ತೂತು ಯಾವ ಅಳತೆಯದು ಎಂದು ಒಮ್ಮೆ ಕೇಳಿಕೊಂಡು, ಪಂಪ್ ಮನೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿಡಿ. ಚಿಕ್ಕಪ್ಪನ ಪಂಪ್ ಮನೆಯ ಗೋಡೆಯಲ್ಲಿ ಕರೆಂಟ್ ಬರುವ ಹೊತ್ತು, ಮೆಕ್ಯಾನಿಕ್ ನಂಬರ್ ಎಲ್ಲ ಇದ್ದವು. ಇದೊಂದು ಇರಲಿಲ್ಲ.